ಜಿಬ್ ಸುತ್ತಲು ಪೈಪು ಸಾಕು, ಕೂವೆಮರ ಹಿಡಿಯಲು ಸಾಲದು

ಪ್ರಶ್ನೆ: ಹೊನ್ನಾವರದಲ್ಲಿ ಶರಾವತಿ ದಡದಲ್ಲೇ ನಮ್ಮ ಮನೆ. 15 ಅಡಿಯ ಹಳೇ ಫೈಬರ್ ಹಾಯಿದೋಣಿ ಕೊಂಡಿದ್ದೇನೆ. ಒಂದು ದೊಡ್ಡ ಹಾಯಿ, ಮುಂದೊಂದು ಸಣ್ಣ ಹಾಯಿ, ಅದೇ ಜಿಬ್. ಹೋಗುವುದು ನಾನು ಮತ್ತು ಮಗಳು ಇಬ್ಬರೇ. ಮಧ್ಯಾಹ್ನ ಗಾಳಿ ಏರಿದಾಗ ಮೂತಿಯ ತನಕ ತೆವಳಿಕೊಂಡು ಹೋಗಿ ಜಿಬ್ ಇಳಿಸುವುದು ಕಷ್ಟವಾಗುತ್ತಿದೆ. ಕೂತಲ್ಲಿಂದಲೇ ಹಗ್ಗ ಎಳೆದು ಹಾಯಿ ಸುತ್ತುವ ಫರ್ಲರ್ ಮನೆಯಲ್ಲೇ ಮಾಡಬಹುದಾ? ಕರೆಂಟ್ ವೈರಿಂಗಿನ ಪಿವಿಸಿ ಪೈಪು ತಂದಿಟ್ಟಿದ್ದೇನೆ. ಹಾಯಿ ಕಟ್ಟುವ ಕಂಬದ, ಅಂದರೆ ಕೂವೆಮರದ ತಂತಿಗಳೂ ಹಳತಾಗಿವೆ. ಹಾರ್ಡ್‌ವೇರ್ ಅಂಗಡಿಯ ಜಿಐ ತಂತಿ ಮತ್ತು ಕ್ಲಿಪ್ಪು ಹಾಕಿದರೆ ನಡೆಯುತ್ತಾ? ಹಾಯಿಯ ಹೊಲಿಗೆಯನ್ನು ಟಾರ್ಪಾಲು ಹೊಲಿಯುವವರ ಹತ್ತಿರ ಮಾಡಿಸಬಹುದಾ?

ಉತ್ತರ: ಮಾಡಬಹುದು. ನಿಮ್ಮ ದೋಣಿಯ ಅಳತೆಗೆ ಮನೆಯಲ್ಲಿ ಮಾಡಿದ ಫರ್ಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ತಂದಿಟ್ಟ ಕರೆಂಟ್ ಪೈಪನ್ನು ಮಾತ್ರ ಇದಕ್ಕೆ ಬಳಸಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳೋಣ. ಕೂವೆಮರವನ್ನು ನಿಲ್ಲಿಸುವ ಕೆಲಸ ಬೇರೆ, ಹಾಯಿ ಸುತ್ತುವ ಕೆಲಸ ಬೇರೆ. ಎರಡನ್ನೂ ಒಂದೇ ಸಾಮಾನಿನ ತಲೆಗೆ ಕಟ್ಟಬೇಡಿ. ಸುತ್ತುವ ಸಾಮಾನು ಕೈಕೊಟ್ಟರೆ ಜಿಬ್ ಪಟಪಟ ಬಡಿದುಕೊಳ್ಳುತ್ತದೆ, ಹೆಚ್ಚೆಂದರೆ ಹರಿಯುತ್ತದೆ. ಕೂವೆಮರ ಹಿಡಿದಿರುವ ತಂತಿ ಕೈಕೊಟ್ಟರೆ ಅಷ್ಟುದ್ದದ ಅಲ್ಯೂಮಿನಿಯಂ ಕಂಬ ನಿಮ್ಮಿಬ್ಬರ ಮೇಲೆ ಬೀಳುತ್ತದೆ. ಹಾಗಾಗಿ ಎಳೆಯುವ ಹಗ್ಗ, ಅದು ಸುತ್ತಿಕೊಳ್ಳುವ ಡ್ರಮ್ಮು, ಪೈಪು ಇವುಗಳಲ್ಲಿ ಎಷ್ಟು ಬೇಕಾದರೂ ಕೈಚಳಕ ತೋರಿಸಿ, ದುಡ್ಡು ಉಳಿಸಿ. ಕೂವೆಮರದಿಂದ ಮೂತಿಗೆ ಹೋಗುವ ಮುಂದಿನ ತಂತಿ, ಅದರ ತುದಿಗಳು, ಪಿನ್ನುಗಳು ಇವುಗಳಲ್ಲಿ ಉಳಿತಾಯ ಬೇಡವೇ ಬೇಡ.

ಮುಂದಿನ ತಂತಿಗೆ ಎಷ್ಟು ಭಾರ ಬೀಳುತ್ತದೆ ಅಂತ ಬಹಳ ಜನಕ್ಕೆ ಅಂದಾಜು ಇರುವುದಿಲ್ಲ. ನಿಮ್ಮ ಜಿಬ್ಬಿನ ಮುಂದಿನ ಅಂಚು ಸುಮಾರು 3.8 ಮೀಟರ್, ಕೆಳಗಿನ ಅಂಚು 1.7 ಮೀಟರ್ ಇರಬಹುದು. ಈ ಅಳತೆಯ ದೋಣಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಷ್ಟೇ. ಅಂದರೆ ಸುಮಾರು 3 ಚದರ ಮೀಟರ್ ಬಟ್ಟೆ. ಗಾಳಿ 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ. ಬೀಸಿದಾಗ ಇಡೀ ಹಾಯಿಯ ಮೇಲೆ ಬೀಳುವ ಒತ್ತಡ ಸುಮಾರು 25 ಕೆ.ಜಿ. ಅದರಲ್ಲಿ ಅರ್ಧವನ್ನು ಹಿಂದಿನ ಹಗ್ಗ ಹಿಡಿದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಉಳಿದ 12-13 ಕೆ.ಜಿ. ಮುಂದಿನ ತಂತಿಯ ಪಾಲು. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ?

ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗ ನೆನಪಿಸಿಕೊಳ್ಳಿ. ನಡುವೆ ಒಂದು ಒದ್ದೆ ಬೆಡ್‌ಶೀಟ್ ಹಾಕಿದರೆ ಹಗ್ಗ ಜೋಲುತ್ತದೆ. ಜೋಲಬಾರದು ಅಂತ ಎಳೆದೆಳೆದು ಕಟ್ಟಿದರೆ ಕೊನೆಗೆ ಗೋಡೆಯ ಮೊಳೆಯೇ ಕಿತ್ತು ಬರುತ್ತದೆ. ಬೆಡ್‌ಶೀಟಿನ ಭಾರ ಹೆಚ್ಚಾಗಲಿಲ್ಲ, ಹಗ್ಗದ ಬಿಗಿ ಹೆಚ್ಚಾಯಿತು. ಜಿಬ್ಬಿನ ತಂತಿಯದೂ ಇದೇ ಕಥೆ. 4 ಮೀಟರ್ ತಂತಿ ನಡುವೆ 5 ಸೆಂ.ಮೀ. ಮಾತ್ರ ಜೋಲಬೇಕು ಅಂದರೆ ಅದರ ಬಿಗಿ ಸುಮಾರು 125 ಕೆ.ಜಿ. ಇರಬೇಕು. ಜೋಲು 2.5 ಸೆಂ.ಮೀ.ಗೆ ಇಳಿಸುತ್ತೇನೆ ಅಂದರೆ 250 ಕೆ.ಜಿ. ಗಾಳಿಯ ಎದುರು ಚೆನ್ನಾಗಿ ಏರಬೇಕಾದರೆ ತಂತಿ ಜೋಲಬಾರದು. ಹಾಗಾಗಿ ಈ ಭಾರ ತಪ್ಪಿದ್ದಲ್ಲ. ಹಾಯಿ ಹಗುರ ಅಂತ ತೆಳ್ಳನೆ ತಂತಿ, ಅಂಗಡಿಯ ಕೊಕ್ಕೆ ಹಾಕುವವರು ಎಡವುವುದು ಇಲ್ಲೇ.

ಫರ್ಲರ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಜಿಬ್ಬಿನ ಮುಂದಿನ ಅಂಚಿನೊಳಗೇ ತಂತಿ ಹೊಲಿದಿರುತ್ತಾರೆ. ಕೆಳಗೊಂದು ಡ್ರಮ್ಮು, ಮೇಲೊಂದು ತಿರುಗುವ ಕೊಂಡಿ. ಹಾಯಿ ತನ್ನ ಅಂಚಿನ ಸುತ್ತಲೇ ಸುತ್ತಿಕೊಳ್ಳುತ್ತದೆ. ನೋಡಲು ಸರಳ. ಆದರೆ ಈಗ ಹೇಳಿದೆನಲ್ಲ, ಆ 125ರಿಂದ 250 ಕೆ.ಜಿ. ಎಳೆತ ಪೂರ್ತಿ ಡ್ರಮ್ಮಿನ ಬೇರಿಂಗ್ ಮತ್ತು ಮೇಲಿನ ಕೊಂಡಿಯ ಮೂಲಕವೇ ಹಾದುಹೋಗುತ್ತದೆ. ಅಷ್ಟು ಎಳೆತದಲ್ಲೂ ಅವು ನುಣ್ಣಗೆ ತಿರುಗಬೇಕು. ಮೀನಿನ ಗಾಳದ ಕೊಂಡಿ, ನಾಯಿ ಚೈನಿನ ಕೊಂಡಿ ಹಾಕಿ ನೋಡಿದವರಿದ್ದಾರೆ. ಕೈಯಲ್ಲಿ ಹಿಡಿದಾಗ ಗರಗರ ತಿರುಗುತ್ತವೆ, ಭಾರ ಬಿದ್ದ ಕೂಡಲೇ ಕಚ್ಚಿಕೊಳ್ಳುತ್ತವೆ. ಆಗ ಹಾಯಿಯ ಬುಡ ಸುತ್ತುತ್ತದೆ, ತುದಿ ಸುತ್ತುವುದಿಲ್ಲ. ಲೇತ್‌ನಲ್ಲಿ ಒಳ್ಳೆಯ ಕೆಲಸಗಾರ ಸಿಕ್ಕಿದರೆ ಥ್ರಸ್ಟ್ ಬೇರಿಂಗ್, ಅಂದರೆ ಉದ್ದಕ್ಕೆ ಬೀಳುವ ಎಳೆತ ತಡೆಯುವ ಬೇರಿಂಗ್ ಇಟ್ಟು ಮಾಡಿಸಬಹುದು. 51102 ಅಂತ ಕೇಳಿದರೆ ಬೇರಿಂಗ್ ಅಂಗಡಿಯಲ್ಲಿ 15 ಎಂ.ಎಂ. ತೂತಿನದು ಕೊಡುತ್ತಾರೆ. ಆದರೆ ಅದು ಮಾಮೂಲಿ ಉಕ್ಕು. ಹೊನ್ನಾವರದ ಉಪ್ಪುನೀರಿನಲ್ಲಿ ಗ್ರೀಸ್ ಎಷ್ಟು ತುಂಬಿದರೂ ಒಂದೆರಡು ಸೀಸನ್ನಿಗೆ ತುಕ್ಕು ತಿನ್ನುತ್ತದೆ. ಕೆಆರ್‌ಎಸ್ ಹಿನ್ನೀರಿನಂಥ ಸಿಹಿನೀರಿನಲ್ಲಿ ಹಾಯಿ ಬಿಡುವವರಿಗೆ ಈ ಬಗೆ ಹೇಳಬಲ್ಲೆ. ನಿಮಗೆ ಹೇಳಲಾರೆ.

ನಿಮಗೆ ಹೊಂದುವುದು ಎರಡನೇ ಬಗೆ. ಮುಂದಿನ ತಂತಿ ಈಗ ಇರುವ ಹಾಗೆಯೇ ಕೂವೆಮರದಿಂದ ಮೂತಿಗೆ ನೇರವಾಗಿ ಹೋಗುತ್ತದೆ. ಅದರ ಮೇಲೆ ಒಂದು ಪೈಪನ್ನು ತೋಳಿನ ಮೇಲೆ ಬಳೆ ಹಾಕಿದ ಹಾಗೆ ಸಡಿಲವಾಗಿ ತೊಡಿಸುತ್ತೇವೆ. ಹಾಯಿ ಇರುವುದು ಪೈಪಿಗೆ. ಡ್ರಮ್ಮು ಇರುವುದೂ ಪೈಪಿಗೆ. ತಂತಿಯ ಬಿಗಿಗೂ ಪೈಪು ತಿರುಗುವುದಕ್ಕೂ ಸಂಬಂಧವೇ ಇಲ್ಲ. ಪೈಪಿನ ಬುಡ ಹೊರುವುದು ತನ್ನ ತೂಕ ಮತ್ತು ಹಾಯಿಯ ತೂಕ, ಅಷ್ಟೆ. ಹಾಗಾಗಿ ಬೇರಿಂಗೂ ಬೇಡ, ಎರಡು ಪ್ಲಾಸ್ಟಿಕ್ ವಾಷರ್ ಸಾಕು. ನಾಳೆ ಪೈಪು ಒಡೆದು ಹೋದರೂ ಒಳಗಿನ ತಂತಿ ಕೂವೆಮರವನ್ನು ಹಿಡಿದೇ ಇರುತ್ತದೆ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಈಗ ಕರೆಂಟ್ ಪೈಪಿನ ವಿಷಯ. ನನ್ನ ಮೊದಲ ಫರ್ಲರ್ ಮಾಡಿದ್ದೂ ಅದರಲ್ಲೇ. 20 ಎಂ.ಎಂ. ಪೈಪು, ತೆಳು ಗೋಡೆ. ಕುಂದಾಪುರದ ಹತ್ತಿರ ಹೊಳೆಯಲ್ಲಿ ದೋಣಿ ಕಟ್ಟಿದ್ದೆ. ಏಪ್ರಿಲ್ ಕೊನೆಯ ವಾರ. ಸಂಜೆ ಐದರ ಹೊತ್ತಿಗೆ ಪೂರ್ವದಲ್ಲಿ ಗುಡುಗು ಶುರುವಾಯಿತು. ಜಿಬ್ ಸುತ್ತಿ, ಹಗ್ಗ ಕಟ್ಟಿ, ನೆಮ್ಮದಿಯಿಂದ ದಡಕ್ಕೆ ಬಂದೆ. ಗಾಳಿ ಬಡಿಯಿತು ನೋಡಿ. ಹಾಯಿಯ ಬುಡ ಕಲ್ಲಿನಂತೆ ಗಟ್ಟಿಯಾಗಿ ಸುತ್ತಿಕೊಂಡಿತ್ತು. ಆದರೆ ಪೈಪು ತಿರುಚಿಕೊಂಡು ಮೇಲಿನ ಎರಡು ಮೂರು ಅಡಿ ಬಟ್ಟೆ ಬಿಚ್ಚಿಕೊಂಡಿತು. ಹಕ್ಕಿಯ ರೆಕ್ಕೆಯಷ್ಟು ಬಟ್ಟೆ. ಅದು ಬಡಿಯುವ ಏಟಿಗೆ ಇಡೀ ದೋಣಿ ನಡುಗುತ್ತಿತ್ತು. ಇಳಿಸೋಣ ಅಂದರೆ ಹಾಯಿಯ ತಲೆಯನ್ನು ಪೈಪಿನ ತುದಿಗೇ ಕಟ್ಟಿಬಿಟ್ಟಿದ್ದೆ, ಇಳಿಸುವ ದಾರಿಯೇ ಇರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಹಿಂದಿನ ಅಂಚು ಎಳೆ ಎಳೆಯಾಗಿ ಹೋಯಿತು. ಕತ್ತಲಲ್ಲಿ ದಡದಲ್ಲಿ ನಿಂತು ಆ ಶಬ್ದ ಕೇಳಿದ್ದು ಇವತ್ತಿಗೂ ಮರೆತಿಲ್ಲ.

ಆ ರಾತ್ರಿ ಎರಡು ಪಾಠ ಕಲಿತೆ. ಪೈಪು ತಿರುಚಬಾರದು. ಹಾಯಿ ಯಾವ ಹೊತ್ತಿನಲ್ಲೂ ಕೆಳಗಿಳಿಯುವಂತಿರಬೇಕು.

ತಿರುಚುವುದನ್ನು ತಡೆಯುವುದು ಪೈಪಿನ ಸುತ್ತಳತೆ ಮತ್ತು ಗೋಡೆಯ ದಪ್ಪ. ನೀರಿನ ಸಾಮಾನಿನ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಯುಪಿವಿಸಿ ಪೈಪು, ಶೆಡ್ಯೂಲ್ 80 ಕೇಳಿ. ಹೊರ ಅಳತೆ ಸುಮಾರು 27 ಎಂ.ಎಂ., ಗೋಡೆ ಸುಮಾರು 4 ಎಂ.ಎಂ. ದಪ್ಪ. ಲೆಕ್ಕ ಹಾಕಿದರೆ, ಅದೇ ಎಳೆತಕ್ಕೆ ಇದು ತಿರುಚುವುದು ಆ ಕರೆಂಟ್ ಪೈಪಿನ ಐದನೇ ಒಂದು ಪಾಲು ಮಾತ್ರ. ನೋಡಲು ಏಳೆಂಟು ಎಂ.ಎಂ. ವ್ಯತ್ಯಾಸ, ಕೆಲಸದಲ್ಲಿ ಇಷ್ಟು ದೂರ. ಅಲ್ಯೂಮಿನಿಯಂ ಪೈಪು ಇನ್ನೂ ಗಟ್ಟಿ. ಆದರೆ ಸಾಗಿಸುವಾಗ ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಮೊದಲ ಸಲಕ್ಕೆ ಯುಪಿವಿಸಿ ಸಾಕು.

6 ಮೀಟರಿನ ಒಂದೇ ಉದ್ದದ ಪೈಪು ಸಿಕ್ಕಿದರೆ ಅದನ್ನೇ ತನ್ನಿ. 3 ಮೀಟರಿನದೇ ಸಿಗುವುದಾದರೆ ಜೋಡಿಸಬೇಕಾಗುತ್ತದೆ. ಆ ಜೋಡಣೆ ಕೆಳಗಿನ ಭಾಗದಲ್ಲಿ ಬರಲಿ. ಹಾಯಿ ಇಳಿದಾಗ ಗುಡ್ಡೆಯಾಗುವುದು ಅಲ್ಲೇ, ಹಾಗಾಗಿ ಬಟ್ಟೆ ಆ ಉಬ್ಬಿನ ಮೇಲೆ ಜಾರಬೇಕಾದ್ದು ಕಡಿಮೆ. ಪಿವಿಸಿಗೆ ಬಿಸಿಲು ಆಗುವುದಿಲ್ಲ, ಒಂದೆರಡು ವರ್ಷದಲ್ಲಿ ಪೆಡಸಾಗುತ್ತದೆ. ಮರಳು ಕಾಗದ ಉಜ್ಜಿ ಎರಡು ಕೈ ಬಿಳಿ ಬಣ್ಣ ಹೊಡೆಯಿರಿ.

ತಂತಿಯನ್ನು ಪೈಪಿನೊಳಗೆ ತೂರಿಸುವ ಮೊದಲು ಒಂದು ನೋಡಿಕೊಳ್ಳಿ. ತಂತಿಯ ತುದಿಯ ಕಣ್ಣು, ಅಂದರೆ ಕುಣಿಕೆ, ಪೈಪಿನ ತೂತಿನೊಳಗೆ ಹಾದುಹೋಗುತ್ತಾ? ತೂತು ಇರುವುದು 19 ಎಂ.ಎಂ. ಆಸುಪಾಸು. ಹೋಗದಿದ್ದರೆ ಒಂದು ತುದಿಯನ್ನು ಪೈಪು ತೊಡಿಸಿದ ಮೇಲೆಯೇ ಒತ್ತಿಸಬೇಕು. ಇನ್ನೊಂದು ಮಾತು, ತಂತಿ ಬರೀ ಪೈಪಿನೊಳಗೆ ಸುಮ್ನೆ ಓಡಾಡಬಾರದು. ಪೈಪಿನ ಎರಡೂ ತುದಿಗೆ ನೈಲಾನ್ ಬುಷ್ ಕೂರಿಸಿ, ನಡುವೆ ತಂತಿ ಹಾದುಹೋಗುವಷ್ಟು ತೂತು. ಲೇತ್‌ನವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಬುಷ್ ಇಲ್ಲದಿದ್ದರೆ ಉಕ್ಕಿನ ತಂತಿ ಗರಗಸದಂತೆ ಪ್ಲಾಸ್ಟಿಕ್ಕನ್ನು ಕೊಯ್ಯುತ್ತದೆ. ಹಳೇ ಪೈಪೊಂದನ್ನು ಬಿಚ್ಚಿದಾಗ ಬುಡದಲ್ಲಿ ಬೆರಳು ಹೋಗುವಷ್ಟು ಸೀಳು ಕಂಡಿದ್ದೇನೆ.

ಡ್ರಮ್ಮಿನ ವಿಷಯಕ್ಕೆ ಬರೋಣ. ಮೊದಲು ಎಷ್ಟು ಸುತ್ತು ಬೇಕು ಅಂತ ಲೆಕ್ಕ. ಪೈಪಿನ ಸುತ್ತಳತೆ 8.5 ಸೆಂ.ಮೀ. ಬಟ್ಟೆ ಸುತ್ತಿದ ಹಾಗೆಲ್ಲ ದಪ್ಪವಾಗುತ್ತಾ ಹೋಗುತ್ತದೆ, ಸರಾಸರಿ 12 ಸೆಂ.ಮೀ. ಹಿಡಿಯಿರಿ. 1.7 ಮೀಟರ್ ಹಾಯಿಗೆ 14 ಸುತ್ತು. ಮೇಲಿಂದ ಶೀಟ್ ಹಗ್ಗದ (ಜಿಬ್ಬಿನ ಹಿಂದಿನ ಮೂಲೆ ಎಳೆದು ಹಿಡಿಯುವ ಹಗ್ಗ) ಎರಡು ಮೂರು ಸುತ್ತು, ಇರಲಿ ಅಂತ ಇನ್ನೊಂದು. ಒಟ್ಟು 18. ಡ್ರಮ್ಮಿನ ನಡುವಿನ ಬೊಡ್ಡೆಗೆ 63 ಎಂ.ಎಂ. ಪಿವಿಸಿ ಪೈಪಿನ 4 ಸೆಂ.ಮೀ. ತುಂಡು ಸಾಕು. ಅದರ ಸುತ್ತಳತೆ ಸುಮಾರು 20 ಸೆಂ.ಮೀ. 18 ಸುತ್ತಿಗೆ 3.6 ಮೀಟರ್, ನಮ್ಮ ಲೆಕ್ಕದಲ್ಲಿ ಎರಡು ಮಾರು ಹಗ್ಗ ಡ್ರಮ್ಮಿನ ಮೇಲೆ ಕೂರಬೇಕು. 5 ಎಂ.ಎಂ. ಹಗ್ಗವಾದರೆ ಮೂರು ಪದರ ಆಗುತ್ತದೆ. ಹಗ್ಗ ಸಡಿಲಾದಾಗ ಉಬ್ಬುತ್ತದೆ, ಅದಕ್ಕೂ ಜಾಗ ಬೇಕು. ಹಾಗಾಗಿ ಮೇಲೆ ಕೆಳಗಿನ ಬಿಲ್ಲೆಗಳನ್ನು 110 ಎಂ.ಎಂ. ಅಗಲ ಇಡಿ. ಇದಕ್ಕಿಂತ ತೆಳು ಹಗ್ಗ ಕೈ ಕೊಯ್ಯುತ್ತದೆ, ಬೇಡ.

ಬಿಲ್ಲೆಗೆ ನಾನು ಬಳಸುವುದು ಅಡುಗೆಮನೆಯ ದಪ್ಪ ಪ್ಲಾಸ್ಟಿಕ್ ತರಕಾರಿ ಹೆಚ್ಚುವ ಹಲಗೆ. ಉಪ್ಪುನೀರಿಗೆ ಜಗ್ಗುವುದಿಲ್ಲ, ಹಗ್ಗ ಉಜ್ಜಿದರೆ ಜಾರುತ್ತದೆ. ಒಂದೇ ತೊಂದರೆ, ಅದಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಪೈಪಿನ ಸಾಲ್ವೆಂಟ್ ಹಚ್ಚಿದರೆ ಮರುದಿನ ಸಿಪ್ಪೆಯಂತೆ ಎದ್ದು ಬರುತ್ತದೆ. ಬೋಲ್ಟ್‌ನಲ್ಲೇ ಬಿಗಿಯಬೇಕು. ಎರಡು ಬಿಲ್ಲೆ, ನಡುವೆ ಬೊಡ್ಡೆ, ಮೂರು ಕಡೆ 5 ಎಂ.ಎಂ. ಸ್ಟೀಲ್ ಬೋಲ್ಟ್ ಆರಪಾರ, ಕೊನೆಗೆ ತಾನಾಗಿ ಸಡಿಲಾಗದ ನೈಲಾಕ್ ನಟ್. ಬೋಲ್ಟುಗಳು ಬೊಡ್ಡೆಯ ಒಳಗಿನಿಂದ ಹೋಗಲಿ, ಹಗ್ಗಕ್ಕೆ ತಾಗಬಾರದು.

ಡ್ರಮ್ಮನ್ನು ಪೈಪಿಗೆ ಹಿಡಿಸುವುದು ಹೇಗೆ? ನಡುವೆ ತಂತಿ ಹೋಗುವುದರಿಂದ ಅಡ್ಡಡ್ಡ ಬೋಲ್ಟ್ ಹೊಡೆಯಲಾಗುವುದಿಲ್ಲ. ಇಲ್ಲಿ ಟ್ಯಾಂಕ್ ನಿಪ್ಪಲ್ ಸಹಾಯಕ್ಕೆ ಬರುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಪೈಪು ಜೋಡಿಸಲು ಹಾಕುತ್ತಾರಲ್ಲ, ಅದೇ. ಅದರ ಕಾಲರ್ ಒಂದು ಕಡೆ, ನಟ್ ಇನ್ನೊಂದು ಕಡೆ. ಮೇಲಿನ ಬಿಲ್ಲೆಯ ನಡುವೆ ತೂತು ಕೊರೆದು ನಿಪ್ಪಲ್ ಕೂರಿಸಿ ಬಿಗಿಯಿರಿ. ಕಾಲರ್ ಮೂಲಕ ಬಿಲ್ಲೆಗೆ ಎರಡು ಸಣ್ಣ ಸ್ಕ್ರೂ ಹಾಕಿ, ಇಲ್ಲದಿದ್ದರೆ ಎಳೆದಾಗ ಜಾರುತ್ತದೆ. ನಿಪ್ಪಲ್ಲಿನ ಬಾಯಿಗೆ ನಿಮ್ಮ ಪೈಪನ್ನು ಸಾಲ್ವೆಂಟ್ ಹಚ್ಚಿ ಕೂರಿಸಿ, ಒಂದು ದಿನ ಮುಟ್ಟಬೇಡಿ. ಇದು ಪಿವಿಸಿಗೆ ಪಿವಿಸಿ, ಚೆನ್ನಾಗಿ ಹಿಡಿಯುತ್ತದೆ. ಇಡೀ ಡ್ರಮ್ಮು ಕೂರಬೇಕಾದ್ದು ಮುಂದಿನ ತಂತಿಯ ಟರ್ನ್‌ಬಕಲ್, ಅಂದರೆ ತಿರುಗಿಸಿ ತಂತಿ ಬಿಗಿಸುವ ಸ್ಕ್ರೂವಿನ ಮೇಲ್ಗಡೆ. ಅಲ್ಲಿ ತಂತಿಗೆ ಒಂದು ತಡೆ ಬಿಗಿದು, ಅದರ ಮೇಲೆ ಒಂದು ಸ್ಟೀಲ್ ವಾಷರ್, ಎರಡು ಪ್ಲಾಸ್ಟಿಕ್ ವಾಷರ್, ಆಮೇಲೆ ಡ್ರಮ್ಮು. ಒಂದು ಬೆರಳಿನಲ್ಲಿ ತಿರುಗಿಸಿದರೆ ತಿರುಗಬೇಕು.

ಇನ್ನು ಎರಡನೇ ಪಾಠ, ಹಾಯಿ ಇಳಿಯುವುದು. ಹಾಯಿಯ ಮುಂದಿನ ಅಂಚಿಗೆ ಪೈಪು ಹಿಡಿಸುವಷ್ಟು ಅಗಲದ ಬಟ್ಟೆಯ ತೋಳು ಹೊಲಿಸಬೇಕು. ಪೈಪಿನ ತುದಿಯಲ್ಲಿ ಒಂದು ನುಣುಪಾದ ಸ್ಟೀಲ್ ಬಳೆ ಕಟ್ಟಿ. 3 ಎಂ.ಎಂ. ಹಗ್ಗವನ್ನು ಹಾಯಿಯ ತಲೆಗೆ ಕಟ್ಟಿ, ಬಳೆಯ ಮೂಲಕ ತಂದು, ತೋಳಿನ ಒಳಗೇ ಪೈಪಿನ ಪಕ್ಕ ಕೆಳಗಿಳಿಸಿ, ಡ್ರಮ್ಮಿನ ಮೇಲಿನ ಬಿಲ್ಲೆಗೆ ಬಿಗಿಯಾಗಿ ಕಟ್ಟಿ. ಈ ಹಗ್ಗ ಪೈಪಿನ ಜೊತೆಗೇ ತಿರುಗುತ್ತದೆ, ಕೂವೆಮರಕ್ಕೆ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಹಾಯಿ ಬಿಚ್ಚಿರುವಾಗ ಗಂಟು ಬಿಚ್ಚಿದರೆ ಹಾಯಿ ಜಾರಿ ಬುಡಕ್ಕೆ ಬರುತ್ತದೆ. ಹಾಯಿಯ ಬುಡವನ್ನೂ ಅದೇ ಬಿಲ್ಲೆಗೆ ಕಟ್ಟಿ. ತಲೆ ಮತ್ತು ಬುಡ ಎರಡೂ ಬಿಗಿಯಾಗಿದ್ದರೆ ಪೈಪು ತೋಳಿನೊಳಗೆ ಸುಮ್ಮನೆ ತಿರುಗದೆ ಹಾಯಿಯನ್ನು ಕರೆದುಕೊಂಡು ಹೋಗುತ್ತದೆ. ಒಂದು ಸುತ್ತು ಬಿದ್ದ ಮೇಲೆ ಬಟ್ಟೆಯೇ ಕಚ್ಚಿಕೊಳ್ಳುತ್ತದೆ.

ಇದರಿಂದ ನಿಮ್ಮ ಹಳೇ ಜಿಬ್ ಏರಿಸುವ ಹಗ್ಗ ಖಾಲಿ ಉಳಿಯಿತು. ಬಿಸಾಡಬೇಡಿ. ಮುಂದಿನ ತಂತಿ ಬಿಚ್ಚಿ ಪೈಪು ತೊಡಿಸುವಾಗ ಕೂವೆಮರವನ್ನು ಹಿಡಿಯಲು ಇದೇ ಬೇಕು. ದೋಣಿ ಕಟ್ಟಿಟ್ಟಾಗ ಮೂತಿಗೆ ಬಿಗಿದಿಟ್ಟರೆ ಎರಡನೇ ರಕ್ಷಣೆ. ಹಾಯಿ ಬಿಡುವಾಗ ಮಾತ್ರ ಹಿಂದೆ ಕೂವೆಮರಕ್ಕೆ ತಂದು ಕಟ್ಟಿ, ಇಲ್ಲದಿದ್ದರೆ ಸುತ್ತುವ ಜಿಬ್ಬಿಗೆ ಸಿಕ್ಕಿಕೊಳ್ಳುತ್ತದೆ.

ಎಳೆಯುವ ಹಗ್ಗ ಡ್ರಮ್ಮಿಗೆ ನೇರ ಅಡ್ಡಕ್ಕೆ, ಬಿಲ್ಲೆಗಳ ನಡುಮಧ್ಯಕ್ಕೆ ಬರಬೇಕು. ಮೇಲಿಂದಲೋ ಕೆಳಗಿಂದಲೋ ಓರೆಯಾಗಿ ಬಂದರೆ ಒಂದೇ ಕಡೆ ಗುಡ್ಡೆಯಾಗಿ ಬಿಲ್ಲೆ ದಾಟುತ್ತದೆ. ಮೊದಲ ರಾಟೆಯನ್ನು ಡೆಕ್ಕಿನ ಮೇಲೆ ಎಲ್ಲಿ ಕೂರಿಸಬೇಕು ಅನ್ನುವುದನ್ನು ಡ್ರಮ್ಮು ಕಟ್ಟಿ, ಹಗ್ಗ ಹಿಡಿದು ನೋಡಿದ ಮೇಲೆ ನಿರ್ಧರಿಸಿ. ಹಾಯಿ ಪೂರ್ತಿ ಬಿಚ್ಚಿದಾಗ ಹಗ್ಗ ಪೂರ್ತಿ ಡ್ರಮ್ಮಿನ ಮೇಲಿರುತ್ತದೆ. ಹಾಯಿ ಸುತ್ತಿದಾಗ ಹಗ್ಗ ನಿಮ್ಮ ಕೈಯಲ್ಲಿರುತ್ತದೆ. ಆಗಲೂ ಡ್ರಮ್ಮಿನ ಮೇಲೆ ಮೂರು ಸುತ್ತು ಉಳಿದಿರಲಿ. ಹಾಯಿ ಬಿಚ್ಚುವಾಗ ಜಾಸ್ತಿ ಜನ ತಪ್ಪು ಮಾಡುವುದು ಹಗ್ಗವನ್ನು ಪೂರ್ತಿ ಬಿಟ್ಟುಬಿಡುವುದು. ಆಗ ಅದು ಡ್ರಮ್ಮಿನ ಮೇಲೆ ಸಡಿಲವಾಗಿ ಸುತ್ತಿ, ಒಂದರ ಕೆಳಗೊಂದು ಸಿಕ್ಕಿಬೀಳುತ್ತದೆ. ಗಾಳಿಪಟದ ದಾರ ಬಿಡುವ ಹಾಗೆ ಸ್ವಲ್ಪ ತಡೆದು ತಡೆದು ಬಿಡಿ. ಈ ಕೆಲಸ ಮಗಳಿಗೆ ಕೊಡಿ, ಮಕ್ಕಳ ಕೈಗೆ ಬೇಗ ಬರುತ್ತದೆ.

ಸುತ್ತುವಾಗ ದೋಣಿಯನ್ನು ಗಾಳಿಗೆ ಬೆನ್ನು ಕೊಡುವ ಕಡೆಗೆ ಸ್ವಲ್ಪ ತಿರುಗಿಸಿಕೊಂಡರೆ ಜಿಬ್ ದೊಡ್ಡ ಹಾಯಿಯ ಮರೆಗೆ ಬರುತ್ತದೆ, ಭಾರ ಇಳಿಯುತ್ತದೆ. ಶೀಟ್ ಸಡಿಲಿಸಿ, ಆದರೆ ಪೂರ್ತಿ ಬಿಡಬೇಡಿ. ಚೂರು ಎಳೆತ ಇದ್ದರೆ ಸುತ್ತು ಬಿಗಿಯಾಗುತ್ತದೆ. ಹಗ್ಗ ಬರಲಿಲ್ಲ ಅಂದರೆ ಜೋರು ಮಾಡಬೇಡಿ. ಎಲ್ಲೋ ಸಿಕ್ಕಿದೆ ಅಂತ ಅರ್ಥ, ಅರ್ಧ ಬಿಚ್ಚಿ ಮತ್ತೆ ಎಳೆಯಿರಿ. ರಾತ್ರಿ ದೋಣಿ ಬಿಟ್ಟು ಹೋಗುವಾಗ ಶೀಟ್ ಹಗ್ಗವನ್ನು ಎರಡು ಸುತ್ತು ಹೆಚ್ಚಿಗೆ ಸುತ್ತಿಸಿ, ಎದೆಮಟ್ಟದಲ್ಲಿ ಒಂದು ಪಟ್ಟಿ ಕಟ್ಟಿ. ಮಳೆಗಾಲಕ್ಕೆ ಹಾಯಿಯನ್ನೇ ಇಳಿಸಿ ಮನೆಗೆ ಒಯ್ಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ದೋಣಿಗಳೇ 61 ದಿನ ಕಡಲಿಗಿಳಿಯುವಂತಿಲ್ಲ, ಆಗ ನಮ್ಮ ಹಾಯಿಗೇನು ಕೆಲಸ?

ಅರ್ಧ ಸುತ್ತಿ ಸಣ್ಣ ಜಿಬ್ ಮಾಡಿಕೊಂಡು ಹೋಗಬಹುದಾ ಅಂತ ನೀವು ಕೇಳಿಲ್ಲ, ಆದರೆ ಮುಂದೆ ಆಸೆ ಬರುತ್ತದೆ. ಈ ಸಾಮಾನಿನಲ್ಲಿ ಬೇಡ. ಇದು ಪೂರ್ತಿ ತೆರೆ, ಪೂರ್ತಿ ಮುಚ್ಚು ಅನ್ನುವ ಬಗೆ. ಗಾಳಿ ಜೋರಾದರೆ ಜಿಬ್ ಪೂರ್ತಿ ಸುತ್ತಿ, ದೊಡ್ಡ ಹಾಯಿಯನ್ನೂ ಕೆಳಗೆ 60 ಸೆಂ.ಮೀ.ಯಷ್ಟು ಮಡಿಸಿ ಕಟ್ಟುವ ಏರ್ಪಾಡು ಮಾಡಿಕೊಳ್ಳಿ. ಜಿಬ್ ಇಲ್ಲದಾಗ ದೋಣಿಯ ಮೂತಿ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ, ಚುಕ್ಕಾಣಿ ಗಟ್ಟಿ ಹಿಡಿಯಬೇಕು. ದಡದ ಹತ್ತಿರವೇ ಒಮ್ಮೆ ಅಭ್ಯಾಸ ಮಾಡಿ.

ತಂತಿಗಳ ಪ್ರಶ್ನೆ. ಜಿಐ ತಂತಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಅದು ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುತ್ತದೆ, ಮುಂಚೆಯೇ ಎಚ್ಚರಿಸುತ್ತದೆ. ಸ್ಟೇನ್‌ಲೆಸ್ ಹೊರಗೆ ಹೊಳೆಯುತ್ತಲೇ ಇರುತ್ತದೆ, ತುದಿಯ ಒಳಗೆ ಸವೆದು ಒಂದು ದಿನ ಟಕ್ ಅಂತ ಹೋಗುತ್ತದೆ. ಆದರೂ ಪೈಪಿನೊಳಗೆ ಕಣ್ಣಿಗೆ ಕಾಣದೆ ಕೂರುವ ತಂತಿಗೆ ಜಿಐ ಬೇಡ. 316 ಗ್ರೇಡಿನ ಸ್ಟೇನ್‌ಲೆಸ್, 3 ಎಂ.ಎಂ., 19 ಎಳೆಯ ಗಟ್ಟಿ ತಂತಿ ಹಾಕಿ. ಇದು ತುಂಡಾಗುವುದು ಸುಮಾರು 700 ಕೆ.ಜಿ.ಗೆ. ನಮ್ಮ 250 ಕೆ.ಜಿ. ಲೆಕ್ಕಕ್ಕೆ ಹತ್ತಿರ ಹತ್ತಿರ ಮೂರು ಪಟ್ಟು ಬಲ. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿ ಇದು 316 ಅನ್ನಬಹುದು. ಆ ಪರೀಕ್ಷೆಗೆ ಅರ್ಥವಿಲ್ಲ. ಇನ್ನೊಂದು ಗ್ರೇಡಾದ 304ಕ್ಕೂ ಅಯಸ್ಕಾಂತ ಸರಿಯಾಗಿ ಅಂಟದೇ ಇರಬಹುದು. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಈ ಗಟ್ಟಿ ತಂತಿ ಕುಣಿಕೆ ಮಾಡಲು ಸುಲಭವಾಗಿ ಬಾಗುವುದಿಲ್ಲ, ತುದಿಯನ್ನು ಯಂತ್ರದಲ್ಲೇ ಒತ್ತಿಸಬೇಕು.

ನೀವು ಹೇಳಿದ ಬುಲ್‌ಡಾಗ್ ಕ್ಲಿಪ್ಪು ಒಂದು ದಿನ ಪಾರಾಗಲು ಸರಿ, ಕಾಯಂ ಆಗಿ ಬೇಡ. ಅದು ತಂತಿಯನ್ನು ಜಜ್ಜುತ್ತದೆ, ಹಾಯಿಗೂ ಕೈಗೂ ಸಿಕ್ಕುತ್ತದೆ. ಹಾಕಲೇಬೇಕಾದ ದಿನ ಬಂದರೆ ಮೂರು ಹಾಕಿ. ಯು ಬೋಲ್ಟ್ ಕಡೆ ಕತ್ತರಿಸಿದ ತುದಿಗೆ ಬರಲಿ, ಅಗಲವಾದ ತಡಿ ಭಾರ ಹೊರುವ ತಂತಿಗೆ ಬರಲಿ. ತುದಿಗೆ ಒತ್ತಿಸುವ ಲೋಹದ ಕೊಳವೆ, ಅಂದರೆ ಫೆರೂಲ್, ಅಲ್ಯೂಮಿನಿಯಂದು ಸ್ಟೇನ್‌ಲೆಸ್ ತಂತಿಗೆ ಬೇಡ. ಉಪ್ಪುನೀರಿನಲ್ಲಿ ಎರಡೂ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ತಾಮ್ರದ್ದು ಕೇಳಿ.

ಎಡಬಲದ ತಂತಿಗಳ ಜಾಗದಲ್ಲಿ 5 ಎಂ.ಎಂ. ಡೈನೀಮಾ ಅನ್ನುವ ಕೃತಕ ನಾರಿನ ಹಗ್ಗ ಹಾಕುವುದು ನನ್ನ ಸಲಹೆ. ಅದೇ ದಪ್ಪದ ಉಕ್ಕಿಗಿಂತ ಗಟ್ಟಿ, ನೀರಿನಲ್ಲಿ ತೇಲುವಷ್ಟು ಹಗುರ, ಯಂತ್ರ ಬೇಡ. ಗಂಟು ಮಾತ್ರ ಹಾಕಬೇಡಿ. ಈ ಹಗ್ಗ ಜಾರು, ಗಂಟಿನಲ್ಲಿ ಅರ್ಧಕ್ಕೂ ಹೆಚ್ಚು ಬಲ ಹೋಗುತ್ತದೆ. ತುದಿಯನ್ನು ಹಗ್ಗದ ಹೊಟ್ಟೆಯೊಳಗೇ ತೂರಿಸಿ ಕಣ್ಣು ಮಾಡಬೇಕು. ಹಗ್ಗದ ದಪ್ಪದ 72 ಪಟ್ಟು ಉದ್ದ ಒಳಗೆ ಹೋಗಬೇಕು, ನಿಮ್ಮದಕ್ಕೆ 36 ಸೆಂ.ಮೀ. ನಿಮ್ಮೂರಿನ ಬಲೆ ಕಟ್ಟುವ ಹಿರಿಯರು ಒಮ್ಮೆ ನೋಡಿದರೆ ನಮಗಿಂತ ಚೆಂದ ಮಾಡುತ್ತಾರೆ. ಬುಡದಲ್ಲಿ ಟರ್ನ್‌ಬಕಲ್ ಬದಲು 3 ಎಂ.ಎಂ. ಹಗ್ಗವನ್ನು ಆರು ಸಲ ಸುತ್ತಿ ಬಿಗಿಯಿರಿ. ಮೊದಲ ಮೂರು ನಾಲ್ಕು ಸಲ ಹೋಗಿ ಬಂದ ಮೇಲೆ ಸಡಿಲಾಗುತ್ತದೆ, ಮತ್ತೆ ಬಿಗಿಯಿರಿ. ಮುಂದಿನ ತಂತಿಗೆ ಇದು ಬೇಡ, ಪೈಪು ತಿರುಗಿ ತಿರುಗಿ ಉಜ್ಜುತ್ತದೆ.

ಎಲ್ಲ ಪಿನ್ನುಗಳಿಗೂ ಸ್ಪ್ಲಿಟ್ ಪಿನ್ ಇದೆಯಾ, ಅದರ ಕಾಲು ಬಾಗಿಸಿದ್ದೀರಾ, ಮೇಲೆ ಟೇಪು ಸುತ್ತಿದ್ದೀರಾ ನೋಡಿ. ಇಡೀ ಕೂವೆಮರ ನಿಂತಿರುವುದು ಇಂಥ ಸಣ್ಣ ತುಂಡು ಲೋಹದ ಮೇಲೆ. ತಿಂಗಳಿಗೊಮ್ಮೆ ಹತ್ತಿ ಬಟ್ಟೆಯಿಂದ ತಂತಿ ಒರೆಸಿ. ಬಟ್ಟೆಯ ಎಳೆ ಎಲ್ಲಾದರೂ ಸಿಕ್ಕಿದರೆ ಅಲ್ಲಿ ಒಂದು ಎಳೆ ತುಂಡಾಗಿದೆ ಅಂತ ಅರ್ಥ. ಒಂದೇ ಎಳೆ ಅಂತ ಬಿಡಬೇಡಿ, ತಂತಿಯನ್ನೇ ಬದಲಿಸಿ.

ಮೊದಲು ಅಂಗಳದಲ್ಲೇ ಕೂವೆಮರ ನಿಲ್ಲಿಸಿ ಇಪ್ಪತ್ತು ಸಲ ಸುತ್ತಿ ಬಿಚ್ಚಿ. ನಿಲ್ಲಿಸುವಾಗ ತಲೆ ಎತ್ತಿ ಕರೆಂಟ್ ಲೈನ್ ನೋಡುವುದನ್ನು ಮರೆಯಬೇಡಿ. ನೀರಿನಲ್ಲೂ ಅಷ್ಟೆ. ನಿಮ್ಮ ಹೊಳೆಗೆ ಅಡ್ಡವಾಗಿ ಎರಡು ಕಿ.ಮೀ.ಗೂ ಉದ್ದದ ಕೊಂಕಣ ರೈಲ್ವೆ ಸೇತುವೆ ಇದೆ, ಅದರ ಮೇಲೆ 25,000 ವೋಲ್ಟಿನ ತಂತಿ ಇದೆ. ಸೇತುವೆ ಕಡೆಗೆ ಹೋಗುವ ಮುಂಚೆ ನಿಮ್ಮ ಕೂವೆಮರದ ಎತ್ತರ ತಿಳಿದಿರಲಿ, ಭರತದಲ್ಲಿ ಜಾಗ ಇನ್ನೂ ಕಡಿಮೆಯಾಗುತ್ತದೆ. ಹೊಸ ಸಾಮಾನು ನಂಬಿಕೆಗೆ ಬರುವ ತನಕ ಅಳಿವೆ ದಾಟಬೇಡಿ. ಲೈಫ್ ಜಾಕೆಟ್ ಇಬ್ಬರಿಗೂ.

ಕೊನೆಗೆ ಹೊಲಿಗೆ. ಟಾರ್ಪಾಲು, ಗಾಡಿ ಸೀಟು ಹೊಲಿಯುವವರ ಹತ್ತಿರ ಮಾಡಿಸಬಹುದು, ಅವರ ಮಿಷನ್ನು ಈ ದಪ್ಪಕ್ಕೆ ಸಾಕು. ನೂಲು ಮಾತ್ರ ನೀವೇ ಒಯ್ಯಿರಿ. ಬಿಸಿಲು ತಡೆಯುವ ದಪ್ಪ ಪಾಲಿಯೆಸ್ಟರ್ ನೂಲು ಬೇಕು. ಹತ್ತಿ ನೂಲಾದರೆ ಬಟ್ಟೆ ಉಳಿಯುತ್ತದೆ, ಹೊಲಿಗೆ ಬಿಟ್ಟು ಹೋಗುತ್ತದೆ. ತೋಳನ್ನು ಚಪ್ಪಟೆ ಹಿಡಿದಾಗ 6 ಸೆಂ.ಮೀ. ಅಗಲ ಇರಲಿ, ಪೈಪೂ ಹಗ್ಗವೂ ಸೇರಿ ಸಲೀಸಾಗಿ ಜಾರಬೇಕು. ತೋಳು ಹೊಲಿಸುವ ಮೊದಲು ತಂತಿಯ ಉದ್ದ ಅಳೆಯಿರಿ. ಟರ್ನ್‌ಬಕಲ್ ಮತ್ತು ಡ್ರಮ್ಮಿಗೆ 30 ಸೆಂ.ಮೀ., ತಲೆಯ ಬಳೆಗೆ 10 ಸೆಂ.ಮೀ. ಹೋಗುತ್ತದೆ. ಉಳಿದದ್ದರಲ್ಲಿ ನಿಮ್ಮ ಜಿಬ್ ಹಿಡಿಸಬೇಕು. ಹಿಡಿಸದಿದ್ದರೆ ಬುಡದಲ್ಲಿ ಸ್ವಲ್ಪ ಕತ್ತರಿಸಬೇಕಾಗುತ್ತದೆ.

ಸುತ್ತಿದ ಹಾಯಿಯಲ್ಲಿ ಹಿಂದಿನ ಅಂಚು ಮತ್ತು ಕೆಳಗಿನ ಅಂಚು ಸದಾ ಬಿಸಿಲಿಗೆ ಬಿದ್ದಿರುತ್ತವೆ. ಅಲ್ಲಿ ಒಂದಡಿ ಅಗಲದ ಅಕ್ರಿಲಿಕ್ ಕ್ಯಾನ್ವಾಸ್ ಪಟ್ಟಿ ಹೊಲಿಸಿ. ನೀಲಿ ಟಾರ್ಪಾಲು ಬೇಡ, ಬಿಸಿಲಿಗೆ ಅದೇ ಮೊದಲು ಪುಡಿಯಾಗುತ್ತದೆ. ಪಟ್ಟಿ ಹಾಯಿಯ ಯಾವ ಬದಿಗೆ ಬರಬೇಕು ಅನ್ನುವುದು ಡ್ರಮ್ಮು ಯಾವ ಕಡೆ ತಿರುಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಬಾಯಲ್ಲಿ ಹೇಳಿದರೆ ಹೊಲಿಯುವವರಿಗೂ ಗೊಂದಲ, ನಿಮಗೂ ಗೊಂದಲ. ತೋಳು ಹೊಲಿಸಿ ತಂದು, ಕೂವೆಮರ ನಿಲ್ಲಿಸಿ, ಹಾಯಿಯನ್ನು ಒಮ್ಮೆ ಪೂರ್ತಿ ಸುತ್ತಿ. ಹೊರಗೆ ಕಾಣುವ ಬಟ್ಟೆಗೆಲ್ಲ ಮಗಳ ಕೈಯಲ್ಲಿ ಬಣ್ಣದ ಸೀಮೆಸುಣ್ಣದಿಂದ ಗೀಟು ಹಾಕಿಸಿ. ಬಿಚ್ಚಿ, ಆ ಗೀಟಿನ ಸಮೇತ ಮತ್ತೆ ಅಂಗಡಿಗೆ ಒಯ್ಯಿರಿ.